ಅಕ್ಕನ ಬಾಯಿಗೆ ಬಂದ ವಾಸನೆ

ಒಬ್ಬರ ಮೈನೋವು ದೂರದಲ್ಲಿರುವ ಇನ್ನೊಬ್ಬರಿಗೆ ತಟ್ಟುತ್ತದೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಧಾರವಾಡದಲ್ಲಿ ಎಂ.ಎ. ಓದಿ ಬಂದವನಿಗೆ ಅಷ್ಟು ಜಂಬ ಇದ್ದೇ ಇರುತ್ತದೆ. ಈಗ ನಗುವುದಿಲ್ಲ, ನಂಬುತ್ತೇನೆ ಎಂದೂ ಹೇಳಲಾರೆ.

ಅರವತ್ತೊಂದನೆಯ ಇಸವಿಯಲ್ಲಿ ಕಾಳುಮೆಣಸಿನ ವ್ಯಾಪಾರದ ಕಾಗದಪತ್ರಕ್ಕೆಂದು ಕೊಲಂಬೋಗೆ ಹೋಗಿದ್ದೆ. ಮೂರನೆಯ ದಿನ ಮಧ್ಯಾಹ್ನ ಹಸಿವು ತಾಳದೆ ರಸ್ತೆ ಬದಿಯ ಗಾಡಿಯೊಂದರಲ್ಲಿ ರೊಟ್ಟಿ ತಿಂದೆ. ಜೊತೆಗೆ ಕೆಂಪಗಿನ ಕಾಯಿಚಟ್ನಿ. ರುಚಿಯಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಸಂಜೆಯೊಳಗೆ ವಾಂತಿ, ಭೇದಿ. ಎರಡು ದಿನ ಚಾಪೆ ಬಿಟ್ಟು ಏಳಲಿಲ್ಲ. ಪಕ್ಕದ ಕೋಣೆಯಲ್ಲಿದ್ದ ಭಟ್ಕಳದ ಬಟ್ಟೆ ವ್ಯಾಪಾರಿ ಗಂಜಿ ತಂದುಕೊಟ್ಟ. ನಾನು ತಿಂದದ್ದು ಕೇಳಿ ಬಿದ್ದು ಬಿದ್ದು ನಕ್ಕ.

"ಅದು ಚಟ್ನಿ ಅಲ್ಲ ಭಟ್ರೇ, ಅದ್ರಲ್ಲಿ ಒಣಮೀನಿನ ಪುಡಿ ಇರ್ತದೆ! ಎರಡು ಸಲ ಹಾಕಿಸ್ಕೊಂಡ್ರಾ? ಹಾಗಾದ್ರೆ ನೀವು ನಮ್ಮವ್ರೇ ಆದ್ರಿ ಬಿಡಿ."

ಇದನ್ನು ನಾನು ಯಾರಿಗೂ ಹೇಳಲಿಲ್ಲ, ಮನೆಗೆ ಬರೆದ ಕಾಗದದಲ್ಲೂ ಬರೆಯಲಿಲ್ಲ.

ನಮ್ಮೂರು ವಜ್ರಳ್ಳಿಗೆ ಮರಳಿದಾಗ ಒಲೆಯ ಮುಂದೆ ಅತ್ತಿಗೆ ಇದ್ದಳು, ಅಕ್ಕ ಜಗುಲಿಯಲ್ಲಿ ಸುಮ್ಮನೆ ಕುಳಿತಿದ್ದಳು. ಅಕ್ಕ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನನ್ನನ್ನು ಬೆಳೆಸಿದವಳು. ದೇವರ ನೈವೇದ್ಯದ ಅಡುಗೆ ಅವಳದು. ಆ ಮನೆಯಲ್ಲಿ ಅವಳಿಗಿದ್ದ ಮರ್ಯಾದೆಯೂ ಅದೊಂದೇ. ನಾನು ಕಾಯಿಲೆ ಬಿದ್ದ ದಿನವೇ ಅವಳಿಗೂ ವಾಂತಿ ಶುರುವಾಗಿತ್ತಂತೆ. ಅಂದು ಏಕಾದಶಿ, ನೀರು ಬಿಟ್ಟು ಏನನ್ನೂ ಮುಟ್ಟಿರಲಿಲ್ಲ.

"ಬಾಯೆಲ್ಲ ಮೀನ್ ವಾಸನೆ, ತಮಾ. ಆನು ಎಂತೂ ತಿಂದಿದ್ನಿಲ್ಲೆ. ನೀನು ಅಲ್ಲಿ ಎಂತಾದ್ರೂ ತಿಂದ್ಯ?"

"ಎಂತೂ ಇಲ್ಲೆ. ಪಿತ್ತ ಆಗಿಕ್ಕು," ಎಂದೆ.

"ಹಂಗಾರೆ ಇದು ನಂದೇ ಪಾಪ."

ಇಂಥ ಬಾಯಿಟ್ಟುಕೊಂಡು ದೇವರ ಅನ್ನ ಬೇಯಿಸಬಾರದೆಂದು ಅವಳೇ ತೀರ್ಮಾನಿಸಿದಳು. ಯಾರೂ ಬೇಡವೆನ್ನಲಿಲ್ಲ. ಮತ್ತೆ ಒಲೆಯ ಹತ್ತಿರ ಹೋಗದೆ, ಸಾಯುವವರೆಗೂ ಎಂಜಲು ಪಾತ್ರೆ ತೊಳೆದಳು.

ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ. ಇದನ್ನು ಬರೆಯುವ ಮುನ್ನ ಹಳೆಯ ದಿನಚರಿ ತೆಗೆದು ನೋಡಿದೆ. ರೊಟ್ಟಿ ತಿಂದ ದಿನದ ಪುಟದಲ್ಲಿ "ಕಾಯಿಚಟ್ನಿ ಚೆನ್ನಾಗಿತ್ತು" ಎಂದಷ್ಟೇ ಇದೆ. ಪಕ್ಕದಲ್ಲಿ ಬೇರೆ ಶಾಯಿಯಲ್ಲಿ "ಮೀನು". ಅದನ್ನು ಯಾವಾಗ ಬರೆದೆನೋ ತಿಳಿಯದು. ಆದರೆ ಪಂಚಾಂಗದಲ್ಲಿ ಅಂದು ಏಕಾದಶಿಯೇ.

ಆ ವಾಸನೆ ಸಮುದ್ರ ದಾಟಿ ಅವಳ ಬಾಯಿಗೆ ಹೇಗೆ ಬಂತು? ನನಗೆ ಇಂದಿಗೂ ಗೊತ್ತಿಲ್ಲ. ನಾನು ನಿಜ ಹೇಳಿದ್ದರೆ ಅವಳು ಮತ್ತೆ ಒಲೆ ಹಚ್ಚುತ್ತಿದ್ದಳೇ, ಅದೂ ಗೊತ್ತಿಲ್ಲ. ನಾನು ಊರಿಗೆ ಬಂದ ಮರುದಿನ ಅತ್ತಿಗೆ ಬೇಯಿಸಿದ ನೈವೇದ್ಯವನ್ನು ದೇವರ ಮುಂದಿಟ್ಟು ಗಂಟೆ ಬಾರಿಸಿದವನು ಮಾತ್ರ ನಾನೇ.