ಕೆಂಚನ ಕಾಲು, ಆಂಟಿಯ ಫಿನೈಲು

ಇವತ್ತು ಬೆಳಿಗ್ಗೆ ಅಪಾರ್ಟ್‌ಮೆಂಟಿನ ಕಾರಿಡಾರಿನಿಂದ ಫಿನೈಲಿನ ವಾಸನೆ ಒಳಗೆ ನುಗ್ಗಿತು. ಯಾರೋ ಹೊಸಬರು ನೆಲ ಒರೆಸಲು ಬಂದಿದ್ದರು, ಧಾರಾಳವಾಗಿ ಸುರಿದಿದ್ದರು. ನನಗೆ ಸಾರಕ್ಕಿಯ ಓನರ್ ಆಂಟಿ ನೆನಪಾದರು...

ಅವರ ಮಹಡಿ ಮನೆಯಲ್ಲಿ ನಾನು ಬಾಡಿಗೆಗಿದ್ದೆ. ಸಾರಕ್ಕಿ ಹಳ್ಳಿಯಾಗಿದ್ದ ಕಾಲದಿಂದಲೂ ಅವರು ಅಲ್ಲಿಯವರೇ. ಒಂದು ಕಾಲದಲ್ಲಿ ರಾಗಿ ಬೆಳೆದ ಜಾಗದಲ್ಲೇ ಮನೆ ಕಟ್ಟಿಸಿದ್ದರು. ಬಾಯಿ ಜೋರು, ಮನಸ್ಸು ಬೆಣ್ಣೆ. ಬೀದಿಯಲ್ಲಿ ಸಿಕ್ಕ ನಾಯಿ ಕೆಂಚನನ್ನು ಅವರು ಸಾಕಿಕೊಂಡಾಗ ಎದುರುಮನೆಯವರು ಮೂಗು ಮುರಿದರಂತೆ. ಅಷ್ಟೇ ಸಾಕಾಯಿತು! "ನಾಯಿ ಸಾಕಿದ್ರೆ ಮನೆ ನಾರತ್ತೆ ಅಂತ ಒಬ್ರೂ ಅನ್ಬಾರ್ದು" ಎಂದು ದಿನಾ ಬೆಳಿಗ್ಗೆ ಬಾಗಿಲ ಮುಂದೆ ಫಿನೈಲು ಸುರಿದು ತೊಳೆದು ರಂಗೋಲಿ ಹಾಕುತ್ತಿದ್ದರು. ಕೆಂಚ ಆ ಒದ್ದೆ ನೆಲದ ಮೇಲೇ ಓಡಾಡಿ, ರಂಗೋಲಿಯ ಪಕ್ಕ ಮಲಗುತ್ತಿದ್ದ.

ಕೆಲವು ತಿಂಗಳಲ್ಲಿ ಅವನು ಮುಂಗಾಲು ನೆಕ್ಕಲು ಶುರುಮಾಡಿದ. ನೆಕ್ಕಿ ನೆಕ್ಕಿ ಕೂದಲು ಉದುರಿ ಹುಣ್ಣಾಯಿತು. ಆಂಟಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದರು. ಆ ಮಹಾಶಯ ಅದನ್ನೂ ಪ್ರಸಾದದಂತೆ ನೆಕ್ಕಿ ಮುಗಿಸಿದ. ಕೊನೆಗೆ ಅವನು ಕಾಲೂರಲಾಗದೆ ಕುಂಟಿದಾಗ ಆಂಟಿ ಊಟ ಬಿಟ್ಟರು. ಇಬ್ಬರೂ ಆಟೋ ಹಿಡಿದು ಅವನನ್ನು ತಿಲಕ್ ನಗರದ ಪ್ರಾಣಿ ಡಾಕ್ಟರ ಹತ್ತಿರ ಕರೆದೊಯ್ದೆವು.

"ನೆಲ ಯಾವ್ದ್ರಲ್ಲಿ ತೊಳೀತೀರ?" ಎಂದು ಡಾಕ್ಟರು ಕೇಳಿದರು.

"ಫಿನೈಲಲ್ಲಿ ಸಾರ್. ಒಂದ್ ಮುಚ್ಚಳ ಜಾಸ್ತೀನೇ ಹಾಕ್ತೀನಿ," ಎಂದು ಆಂಟಿ ಹೆಮ್ಮೆಯಿಂದ ಹೇಳಿದರು.

ಆ ಫಿನೈಲೇ ಕಾಲಿಗೆ ಅಂಟಿ ಉರಿಯುತ್ತಿದೆ, ಉರಿಗೆ ನೆಕ್ಕುತ್ತಾನೆ, ನೆಕ್ಕಿದಷ್ಟೂ ಹುಣ್ಣು ಎಂದರು ಡಾಕ್ಟರು. ಹುಣ್ಣು ಮಾಯ್ದ ಮೇಲೂ ಚಟ ಉಳಿಯಬಹುದು, ಬೇಜಾರಿಗೂ ಒಂಟಿತನಕ್ಕೂ ನಾಯಿ ನೆಕ್ಕುತ್ತದೆ, ಜೊತೆಗಿರಿ ಎಂದೂ ಹೇಳಿದರು. ವಾಪಸು ಬರುವಾಗ ಆಂಟಿ ಆಟೋದಲ್ಲೇ ಅತ್ತುಬಿಟ್ಟರು. "ಯಾರೋ ಏನೋ ಅಂತಾರೆ ಅಂತ ಇವ್ನ ಕಾಲ್ ನಾನೇ ಸುಟ್ಬಿಟ್ನಲ್ಲಪ್ಪಾ..."

ಅಂದಿನಿಂದ ಬಾಗಿಲಿಗೆ ಬರೀ ನೀರು. ಎದುರುಮನೆಯವರು ಏನಾದರೂ ಅಂದುಕೊಳ್ಳಲಿ ಎಂದು ಆಂಟಿ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು. ಕೆಂಚ ನಾಲಿಗೆ ಚಾಚಿದರೆ ಅವನ ಕಾಲಿನ ಮೇಲೆ ಅಂಗೈ ಇಡುತ್ತಿದ್ದರು. "ಸಾಕು ಕಣೋ, ನಾನಿದೀನಲ್ಲ." ನಿಧಾನಕ್ಕೆ ಹುಣ್ಣು ಮಾಯ್ದು ಕೂದಲು ಬಂತು.

ಆಂಟಿ ಇದ್ದಕ್ಕಿದ್ದಂತೆ ತೀರಿಕೊಂಡರು. ಕೆಂಚನನ್ನು ನಾನೇ ಇಟ್ಟುಕೊಂಡೆ. ಅವನು ಮತ್ತೆ ನೆಕ್ಕಲು ಹಿಡಿದ. ಅದೇ ಡಾಕ್ಟರು, ಅದೇ ಪ್ರಶ್ನೆ. "ಬರೀ ನೀರಲ್ಲೇ ಸಾರ್" ಎಂದೆ.

"ಹಾಗಾದ್ರೆ ಮನೇಲಿ ಇನ್ನೇನ್ ಬದಲಾಯ್ತು?"

"ಆಂಟಿ ಹೋಗ್ಬಿಟ್ರು ಸಾರ್" ಎಂದೆ.

ಈಗ ಕೆಂಚನಿಗೆ ವಯಸ್ಸಾಗಿದೆ. ಕರೆದರೂ ಏಳದವನು ಇವತ್ತು ಫಿನೈಲಿನ ವಾಸನೆಗೆ ಧಡಕ್ಕನೆ ಎದ್ದು, ಬಾಗಿಲ ಸಂದಿಗೆ ಮೂಗು ಒತ್ತಿ ಬಾಲ ಆಡಿಸಿದ. ಅವನ ಪಾಲಿಗೆ ಅದು ಆಂಟಿಯ ವಾಸನೆ. ಬಾಗಿಲು ತೆರೆದೆ. ಒದ್ದೆ ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಕೆಂಚ ಸ್ವಲ್ಪ ಹೊತ್ತು ನೋಡಿ, ಬಂದು ಮಲಗಿ, ಮುಂಗಾಲು ನೆಕ್ಕತೊಡಗಿದ. ಪಕ್ಕದಲ್ಲಿ ಕೂತು ಅಂಗೈ ಅಡ್ಡ ಇಟ್ಟೆ. ಅವನು ನನ್ನ ಕೈಯನ್ನೇ ನೆಕ್ಕಿದ... ನೆಕ್ಕಲಿ ಎಂದು ಕೈ ತೆಗೆಯಲಿಲ್ಲ. ಅವರು ಬರುವುದಿಲ್ಲ ಎಂದು ಅವನಿಗೆ ಹೇಳುವುದು ನನ್ನಿಂದಾಗಲಿಲ್ಲ.