ಬಾಜೂಕ ಬರೆಯದ ಮಾತು

ಜತ್ತ ಸೀಮೆಯ ಹೈಸ್ಕೂಲೊಂದರಲ್ಲಿ ಬೀಜಗಣಿತ ಕಲಿಸುವ ಅಣ್ಣಾರಾಯ ಮಾಸ್ತರರಿಗೆ ಬರೀ ಉತ್ತರದಿಂದ ಎಂದೂ ಸಮಾಧಾನವಿಲ್ಲ. ‘ಕ್ಷ’ದ ವರ್ಗದಲ್ಲಿ ಒಂಬತ್ತು ಕಳೆದು, ಅದನ್ನು ‘ಕ್ಷ’ದಲ್ಲಿ ಮೂರು ಕಳೆದದ್ದರಿಂದ ಭಾಗಿಸುವ ಲೆಕ್ಕ ಕೊಡುತ್ತಾರೆ, ಮೇಲೆ ಕೆಳಗೆ ಒಂದೇ ಇದ್ದದ್ದಕ್ಕೆ ಕಾಟು ಹೊಡೆದು, ‘ಕ್ಷ’ ಕೂಡಿಸು ಮೂರು ಎಂದು ಬರೆದವರು ಹಿಗ್ಗುವಷ್ಟರಲ್ಲಿ ಮಾಸ್ತರರ ಕೈ ಕಿವಿಗೆ ಬಂದಿರುತ್ತದೆ. “ಕ್ಷ ಮೂರಾದ್ರ ಕೆಳಗ ಸೊನ್ನಿ ಬರ್ತಿತ್ತೋ ಇಲ್ಲೋ? ಕಾಟು ಹೊಡದ ಕೂಡ್ಲೆ ಅದು ಸುಳ್ಳಾತೇನು? ಮೂರು ನಡೆಯೂದಿಲ್ಲ ಅಂತ ಬಾಜೂಕ ಬರಿ.” ಹಾಗೆ ಬರೆಯದ ಸ್ವಂತ ಮಗನಿಗೂ ಸೊನ್ನೆ ಕೊಟ್ಟವರು ಅವರು, ಬೀಗರ ಮನೆಯ ಪಂಕ್ತಿಯಲ್ಲಿ ಕೂತರೂ “ಯಾರ್ ಬಂದಿಲ್ಲ, ಮೊದಲ ಅದನ್ನ ಹೇಳ್ರಿ” ಎನ್ನುವವರು. ಇಂಥ ಮನುಷ್ಯನೇ ಅರವತ್ತೆಂಟನೆಯ ಇಸವಿಯಲ್ಲಿ, ಶಾಲೆಯ ಮ್ಯಾಟ್ರಿಕ್ ಫಲಿತಾಂಶ ಕೆಡಬಾರದೆಂದು, ಕುರಿಗಳ ಹಿಂದೆ ಮೂರು ತಿಂಗಳು ಅಲೆದು ಪಾಠ ತಪ್ಪಿಸಿಕೊಂಡಿದ್ದ ಬೀರವ್ವ ಎಂಬ ಹುಡುಗಿಯ ಪರೀಕ್ಷೆಯ ಫಾರ್ಮನ್ನು ಮೇಜಿನ ಖಾನೆಯಲ್ಲೇ ಇಟ್ಟುಕೊಂಡರು. ಆ ವರ್ಷ ಶಾಲೆಯ ಹಲಗೆಯ ಮೇಲೆ ‘ನೂರಕ್ಕೆ ನೂರು’ ಎಂದು ದಪ್ಪಗೆ ಬರೆದವರೂ ಅವರೇ. ಬಾಜೂಕ ಏನೂ ಬರೆಯಲಿಲ್ಲ. ಏಳು ವರ್ಷದ ಮೇಲೆ, ಮೊನ್ನೆ, ಜತ್ತದ ಬಸ್ ಸ್ಟ್ಯಾಂಡಿನಲ್ಲಿ ಕಂಬಳಿ ಮಾರಲು ಬಂದ ಬೀರವ್ವ ತಾನಾಗಿ ಬಂದು ಕಾಲುಮುಟ್ಟಿ ನಕ್ಕಳು: “ಮೂರು ನಡೆಯೂದಿಲ್ರೀ ಸರ್, ಇನ್ನೂ ನೆನಪೈತಿ. ನನ್ನ ಫಾರ್ಮು ಟಪಾಲಿನ್ಯಾಗ ತಡಾ ಆತು, ನೀವಾದ್ರೂ ಏನ್ ಮಾಡ್ತೀರಿ?” ಅದನ್ನು ಟಪಾಲಿಗೆ ಹಾಕಿರಲೇ ಇಲ್ಲ ಎಂಬ ಮಾತನ್ನು ಬಿಟ್ಟು ಮಾಸ್ತರರು “ಚಲೋ ಅದೀಯಲ್ಲವಾ?” ಎಂದಷ್ಟೇ ಕೇಳಿ ಬಸ್ಸು ಹತ್ತಿದರು.