ಎಣ್ಣೆತಲೆಯ ಅಲೆಗಳು

ಬೇಡ ಎಂದ ಕೆಲಸವೇ ದೀಪಾಲಿಗೆ ಬೇಕು ಎಂದು ವಳಸಂಗದ ಅವಳ ಮನೆಯವರು ಆಡಿಕೊಳ್ಳುತ್ತಿದ್ದರು. ಒಕ್ಕಲುತನದ ಮನೆಯ ಹುಡುಗಿ ದಿನಾ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋಗಿ ಸಂಶೋಧನೆ ಮಾಡುತ್ತಿದ್ದಳು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವವರ ಮಿದುಳು ಎರಡೂ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತದೆ ಎಂಬುದು ಅವಳ ವಿಷಯ. ಅದಕ್ಕಾಗಿಯೇ ಇಇಜಿ ಕಲಿಯುತ್ತಿದ್ದಳು. ತಲೆಗೆ ತೂತಿನ ಟೊಪ್ಪಿಗೆ ಹಾಕಿ, ಒಂದೊಂದು ತೂತಿನಲ್ಲೂ ಕೂದಲು ಸರಿಸಿ ಚರ್ಮಕ್ಕೆ ಜೆಲ್ ತಾಗಿಸಿದರೆ, ಮಿದುಳಿನ ಸಣ್ಣ ವಿದ್ಯುತ್ತು ಪರದೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಕಣ್ಣು ಮಿಟುಕಿಸಿದರೂ ಗೆರೆ ಗುಡ್ಡದಂತೆ ಏಳುತ್ತಿತ್ತು.

"ಹಾಸ್ಟೆಲಿನ ಪೋರಗೋಳನ್ನ ಕೂಡ್ಸು," ಎಂದರು ಮಾರ್ಗದರ್ಶಕ ಧರ್ಮರಾಜ ಸರ್. "ಹೆಣ್ಮಕ್ಕಳದು ದಟ್ಟ ಕೂದಲ, ಮ್ಯಾಲ ಎಣ್ಣಿ. ಜೆಲ್ ಹತ್ತೂದಿಲ್ಲ."

"ಆ ಪೋರಗೋಳು ಮನ್ಯಾಗ ಕನ್ನಡನ ಆಡೂದಿಲ್ರಿ ಸರ. ಆಡೋರನ್ನ ಬಿಟ್ಟು ಅವರ ತಲಿ ನೋಡಿ ಏನ್ ಮಾಡೂದು?"

"ಹಂಗಾದ್ರ ಒಬ್ಬಾಕಿ ಗೆರಿ ಸ್ವಚ್ಛ ತಗದು ತೋರ್ಸು. ಆಮ್ಯಾಲ ಮಾತು."

ದೀಪಾಲಿ ನೆಟ್ಟಗೆ ಅಕ್ಕಲಕೋಟೆಗೆ, ತಂದೆಯ ಅಕ್ಕ ನೀಲಾಬಾಯಿಯ ಮನೆಗೆ ಹೋದಳು. ವಿಷಯ ಕೇಳಿದ್ದೇ ಅತ್ತೆಯ ಗಂಡ ಕಲ್ಯಾಣಪ್ಪ ಗುಡುಗಿದ. "ಮನಸಿನಾಗಿಂದು ಓದೋ ಮಶೀನಿಗೆ ನಮ್ಮ ಮನಿ ಹೆಣ್ಮಗಳ ತಲಿ ಕೊಡೂದಿಲ್ಲ!"

"ಅದು ಮನಸು ಓದೂದಿಲ್ರಿ ಮಾವ," ಎಂದು ದೀಪಾಲಿ ಹೇಳುವಷ್ಟರಲ್ಲಿ ನೀಲಾಬಾಯಿ ಸೆರಗು ಕೊಡವಿ ಎದ್ದಳು.

"ಓದಿದ್ರ ಓದ್ಲಿ. ಇಷ್ಟ ವರ್ಷ ನೀವಂತೂ ಓದ್ಲಿಲ್ಲ. ತಲಿ ನಂದು. ನಡಿ ಪೋರಿ."

ಮರುದಿನ ಪ್ರಯೋಗಾಲಯದಲ್ಲಿ ಮೊದಲ ಸಲ ಎಲ್ಲ ಕೆಟ್ಟಿತು. ಎಷ್ಟೋ ವರ್ಷದಿಂದ ಎಣ್ಣೆ ಕುಡಿದ ಕೂದಲು ಒಂದು ಸ್ನಾನಕ್ಕೆ ಮಣಿಯುತ್ತದೆಯೇ? ಗೆರೆಗಳು ಗಡಗಡ ನಡುಗಿದವು. "ಹೇಳಿದ್ನಲ್ಲ, ಬಿಡು," ಎಂದರು ಸರ್. ದೀಪಾಲಿ ಅತ್ತೆಯತ್ತ ತಿರುಗಿದಳು.

"ಅತ್ತಿ, ನಿಮಗ ಬ್ಯಾಸರಾದ್ರ ಹೇಳ್ರಿ, ಈಗ ನಿಲ್ಲಸ್ತೀನಿ."

"ಬ್ಯಾಸರ ಅಂತ ಯಾರಂದ್ರು?"

ದೀಪಾಲಿ ಅವಳನ್ನು ನಲ್ಲಿಯ ಕೆಳಗೆ ಕೂರಿಸಿ ಶಾಂಪೂ ಹಾಕಿ ಮತ್ತೆ ಮತ್ತೆ ತೊಳೆದಳು. ಒಣಗಿಸಿ, ಟೊಪ್ಪಿಗೆಯ ತೂತುಗಳಿಗೆ ಸರಿಯಾಗಿ ಬೈತಲೆ ತೆಗೆದು ಸಣ್ಣ ಸಣ್ಣ ಜಡೆ ಹೆಣೆದಳು. ನಡುವೆ ಚರ್ಮ ಕಂಡಿತು. ಜೆಲ್ ತಾಗಿತು. ಗೆರೆಗಳು ಒಂದೊಂದಾಗಿ ಶಾಂತವಾದವು.

"ಕಣ್ಣ ಮುಚ್ರಿ."

ನೀಲಾಬಾಯಿ ಕಣ್ಣು ಮುಚ್ಚಿದ ಕೂಡಲೇ ಹಿಂದಲೆಯ ಗೆರೆಗಳಲ್ಲಿ ಒಂದೇ ಲಯದ ಅಲೆಗಳು ಎದ್ದವು. ದೀಪಾಲಿ ಪುಸ್ತಕದಲ್ಲಿ ಮಾತ್ರ ನೋಡಿದ್ದ, ಗೆರೆ ಸ್ವಚ್ಛವಾಗಿದ್ದರಷ್ಟೇ ಕಾಣುವ ಅಲೆಗಳು. ಸರ್ ಕುರ್ಚಿ ಎಳೆದುಕೊಂಡು ಬಹಳ ಹೊತ್ತು ನೋಡಿದರು.

"ಇದು ಛಲೋ ಬಂತು. ಉಳದವರದು ಹಿಂಗ ಬರ್ತದಂತ ಏನ್ ಭರೋಸಾ?"

"ಬರದಿದ್ರ ಮತ್ತ ತೊಳಿತೀನ್ರಿ. ಹೆಣ್ಮಕ್ಕಳನ್ನ ಬಿಟ್ಟು ಮಾತ್ರ ನಾ ಈ ಕೆಲಸ ಮಾಡೂದಿಲ್ಲ."

ಸರ್ ಕುರ್ಚಿ ಬಿಟ್ಟೆದ್ದರು. "ಕರಕೊಂಡ ಬಾ," ಎಂದರು ಕೊನೆಗೆ.

ಮುಂದಿನ ವಾರ ನೀಲಾಬಾಯಿ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಹಿಂದೆ ಮುಖ ಗಂಟಿಕ್ಕಿಕೊಂಡು ಕಲ್ಯಾಣಪ್ಪನೂ ಇದ್ದ. ನೆರೆಮನೆಯ ಇಂದುಬಾಯಿಯ ಗೆರೆಗಳು ಎರಡು ಸಲ ತೊಳೆದರೂ ಸರಿಬರಲಿಲ್ಲ. ಸರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ದೀಪಾಲಿ ಅವರತ್ತ ತಿರುಗದೆ, ಅಂಗಿಯ ತೋಳು ಮಡಚಿಕೊಂಡು ಮೂರನೇ ಸಲ ತೊಳೆಯಲು ನಲ್ಲಿ ತಿರುವಿದಳು.